ಮೊಗುಲಮ್ಮನ ಸುಬೇದಾರನೂ ಎಕ್ಕೆ ಮಿಡತೆಯೂ

ಮೊಗುಲಮ್ಮ ನಾರಾಯಣಪೇಟೆ ಕಡೆಯ ಮದ್ದೂರಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದಾಗ ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಇದ್ದವಂತೆ. ಕಂಕುಳಲ್ಲಿ ಒಂದು ಕೋಳಿ ಇತ್ತಂತೆ. ಗಂಡಿನ ಕಡೆಯವರು ಸಂತೋಷಪಟ್ಟು ಮಸಾಲೆ ಅರೆಯಲು ಕೂತರು. ಮದುಮಗಳು ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಇದು ಉಣ್ಣಾಕ ತಂದಿದ್ದಲ್ಲ, ನನ್ನ ಜೋಡಿ ಇರಾಕ ಬಂದೈತಿ" ಎಂದು ಮೂಲೆ ಹಿಡಿದಳು. ಅರೆದ ಮಸಾಲೆಯನ್ನು ಬದನೆಕಾಯಿಗೆ ತುಂಬಿ ಉಂಡರು. ಅವಳ ಅತ್ತೆ ಎಂಕಮ್ಮ ಆ ಬದನೆಕಾಯಿಯನ್ನು ಸಾಯುವ ತನಕ ಮರೆಯಲಿಲ್ಲ.

ನಮ್ಮೂರು ಕನ್ನಡ, ತೆಲುಗು ಎರಡೂ ಆಡುವ ಗಡಿಯಲ್ಲಿ, ಮಾಗನೂರಿಗೂ ಮಕ್ತಲಕ್ಕೂ ನಡುವೆ ಇದೆ. ನಿಜಾಮರ ಕಾಲದಲ್ಲಿ ಊರಿಗೆ ಪಟೇಲನೆಂದರೆ ನನ್ನ ಅಜ್ಜ ವೀರಯ್ಯ. ಬಲು ಕಟ್ಟುನಿಟ್ಟಿನ ಶಿವಭಕ್ತ. ಅವನ ಹಣೆಯ ವಿಭೂತಿ ಬೆವರಿಗೂ ಹೆದರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಕೋಳಿ ತಿನ್ನುವುದಿರಲಿ, ಕೋಳಿ ಎಂಬ ಶಬ್ದ ಆಡಿದರೂ ಬಾಯಿ ಮುಕ್ಕಳಿಸಬೇಕಿತ್ತು. ಬೆಳಗಿನ ಜಾವ ಹುಂಜ ಕೂಗಿದರೆ ಅಜ್ಜ, "ಆಚೀ ಕಡೀದು ಕೂಗೈತಿ, ಏಳ್ರಿ" ಎನ್ನುತ್ತಿದ್ದ. ಅಂಗಳಕ್ಕೆ ಒಂದು ಕೋಳಿ ಕಾಲಿಟ್ಟರೆ ಅಜ್ಜಿ ಮಹಾಂತಮ್ಮ ಅಷ್ಟೂ ಅಂಗಳ ಸಗಣಿ ಹಾಕಿ ಸಾರಿಸುತ್ತಿದ್ದಳು. ಮೊಗುಲಮ್ಮನ ಗುಡಿಸಲು ನಮ್ಮ ಹಿತ್ತಲ ಗೋಡೆಗೆ ಒರಗಿಕೊಂಡೇ ಇತ್ತು. ಹಾಗಾಗಿ ನಮ್ಮಷ್ಟು ಸಾರಿಸಿದ ಅಂಗಳ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ.

ಮೊಗುಲಮ್ಮ ತನ್ನ ಕೋಳಿಗಳಿಗೆಲ್ಲ ಹೆಸರಿಟ್ಟಿದ್ದಳು. ಒಂದು ಮೊಟ್ಟೆ ಇಟ್ಟು ಊರಿಗೆಲ್ಲ ಕೇಳುವಂತೆ ರಂಪ ಮಾಡುತ್ತಿದ್ದ ಕಂದು ಕೋಳಿಗೆ ಅತ್ತೆಯ ಹೆಸರು, ಎಂಕಮ್ಮ. ಹುಂಜದ ಹೆಸರು ಸುಬೇದಾರ. ಸುಬೇದಾರನೆಂದರೆ ಆಗ ಹಲವು ಜಿಲ್ಲೆಗಳ ಮೇಲಿನ ದೊಡ್ಡ ಸಾಹೇಬ, ತಹಸೀಲ್ದಾರನೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು. "ಎದಿ ಮುಂದ ಮಾಡಿ ಅಡ್ಡಾಡತೈತಿ, ಕೆಲಸ ಮಾಡಂಗಿಲ್ಲ, ಎಲ್ಲರಕಿಂತ ಮೊದಲು ಉಣತೈತಿ. ಮತ್ತೇನಂತ ಕರೀಲಿ?" ಎಂದು ಕೇಳುತ್ತಿದ್ದಳು. ಸರ್ಕಾರದವರು ಊರಿಗೆ ಬಂದಾಗ ಮಾತ್ರ ಅದರ ಹೆಸರು "ಮಗ".

ಸರ್ಕಾರದವರು ಬರುವುದೇ ಅವಳ ಸಂಕಟ. ಕಂದಾಯದ ಲೆಕ್ಕ ನೋಡುವ ಗಿರ್ದಾವರ ಸಾಹೇಬ ಊರೂರು ತಿರುಗುತ್ತ ದೌರೆಗೆ ಬಂದನೆಂದರೆ ಚಾವಡಿಯಲ್ಲಿ ಬಿಡಾರ. ಕಟ್ಟಿಗೆ ಒಬ್ಬರು, ಹಾಲು ಒಬ್ಬರು, ಕುದುರೆಗೆ ಹುಲ್ಲು ಒಬ್ಬರು ಬಿಟ್ಟಿಯಾಗಿ ಒದಗಿಸಬೇಕು. ಕೋಳಿ ಮೊಗುಲಮ್ಮನ ಪಾಲು. ಹಿಂದಿನ ವರ್ಷ ಗುರಮ್ಮ ಎಂಬ ಬಿಳಿ ಕೋಳಿ ಹಾಗೆ ಹೋಯಿತು. ಗಿರ್ದಾವರನ ಗಂಟಲಲ್ಲಿ ಪುಕ್ಕ ಸಿಕ್ಕಿಕೊಳ್ಳಲಿ ಎಂದು ಮೊಗುಲಮ್ಮ ಅಳುತ್ತ ಶಪಿಸಿದಳು, ತೆಲುಗಿನಲ್ಲಿ. ದೇವರನ್ನು ಅವಳು ಕನ್ನಡದಲ್ಲಿ ಬೇಡುತ್ತಿದ್ದಳು, ಬೈಗುಳಕ್ಕೆ ತೆಲುಗೇ ಆಗಬೇಕು. ಪುಕ್ಕ ಸಿಕ್ಕಿಕೊಳ್ಳಲಿಲ್ಲ. ಸಾಹೇಬ ಸುಖವಾಗಿ ತೇಗಿ, ಗೋಡೆಯ ಮೇಲೆ ನಿಂತಿದ್ದ ಸುಬೇದಾರನನ್ನು ಮೇಲಿಂದ ಕೆಳಗೆ ನೋಡಿ, "ಮುಂದಿನ ದೌರೆಗೆ ಇದು" ಎಂದು ಹೇಳಿ ಹೋದ. ಅಂದಿನಿಂದ ಮೊಗುಲಮ್ಮನಿಗೆ ಬದುಕಿನಲ್ಲಿ ಒಂದೇ ಚಿಂತೆ: ಸುಬೇದಾರನನ್ನು ಹೇಗೆ ಉಳಿಸಿಕೊಳ್ಳಲಿ?

ಆ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದದ್ದೇ ತಡ, ಹೊಲದ ಬದುಗಳು ಜೀವ ಬಂದಂತೆ ಮಿಸುಕಾಡತೊಡಗಿದವು. ಹಿಂದಿನ ಹಿಂಗಾರಿನಲ್ಲಿ ಹೆಣ್ಣು ಮಿಡತೆಗಳು ಬಾಲವನ್ನು ಗಟ್ಟಿ ನೆಲಕ್ಕೆ ಚುಚ್ಚಿ, ಮೊಟ್ಟೆಯ ಗೊಂಚಲು ಇಟ್ಟು, ಮೇಲೆ ನೊರೆ ಸುರಿದು ಹೋಗಿದ್ದವು. ಆ ನೊರೆ ಒಣಗಿ ಗಟ್ಟಿಯಾದರೆ ಬೇಸಗೆಯ ಬಿಸಿಲೂ ಒಳಗಿನದನ್ನು ಏನೂ ಮಾಡಲಾರದು. ನೆಲ ನೆನೆಯಿತೋ, ಅಕ್ಕಿಕಾಳಿನಷ್ಟು ಮರಿಗಳು ಹೊರಗೆ ಬಂದು ಜೋಳದ ಮೊಳಕೆ ಎಲ್ಲಿದೆ ಎಂದು ಹುಡುಕುತ್ತವೆ.

ಹಾರುವ ಮಿಡತೆಯನ್ನು, ಅಂದರೆ ಟಿಡ್ಡಿಯನ್ನು, ಕಂಡ ಮುದುಕರು ಊರಲ್ಲಿದ್ದರು. ಮಟಮಟ ಮಧ್ಯಾಹ್ನ ಆಕಾಶ ಕಪ್ಪಾಗಿ ದನಗಳು ಸಂಜೆಯಾಯಿತೆಂದು ಕೊಟ್ಟಿಗೆಗೆ ಬಂದವಂತೆ. ಒಂಟಿಯಾಗಿದ್ದಾಗ ಟಿಡ್ಡಿ ಬಹಳ ಸಾಧು. ಗುಂಪು ಸೇರಿತೆಂದರೆ ಬಣ್ಣವೂ ಬದಲು, ಬುದ್ಧಿಯೂ ಬದಲು. ಆ ವಿಷಯದಲ್ಲಿ ಅದು ನಮ್ಮೂರ ಗಂಡಸರ ಹಾಗೆ. ಆದರೂ ಟಿಡ್ಡಿ ಬಂದಂತೆ ಹಾರಿಹೋಗುತ್ತದೆ. ನಮ್ಮ ಕಡೆಯ ಜೋಳದ ಮಿಡತೆಗೆ ರೆಕ್ಕೆಯೇ ಇಲ್ಲ. ಬೀಗರಂತೆ ಬಂದು ಕೂತರೆ ಮುಗಿಯಿತು, ಸುಗ್ಗಿಯ ತನಕ ಏಳುವುದಿಲ್ಲ. ಪೊರೆ ಬಿಡುತ್ತ, ದಪ್ಪವಾಗುತ್ತ, ಮೊದಲು ಎಲೆ ತಿಂದು ಆಮೇಲೆ ತೆನೆ ಹತ್ತುತ್ತದೆ. ಮಿಡತೆಗೆ ಕಿವಿ ಹೊಟ್ಟೆಯಲ್ಲಿರುತ್ತದೆ ಎಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ಹೊಟ್ಟೆ ಹೇಳಿದ್ದನ್ನು ಬಿಟ್ಟು ಬೇರೇನೂ ಕೇಳದ ಪ್ರಾಣಿಗೆ ಅದೇ ಸರಿಯಾದ ಜಾಗ.

ಅಜ್ಜನಿಗೆ ಪೇಚಾಟ. ಮಿಡತೆಯನ್ನು ಕೊಲ್ಲುವಂತಿಲ್ಲ, ಪಾಪ. ಬಿಡುವಂತಿಲ್ಲ, ಜೋಳ. ಕೊನೆಗೆ ಒಂದು ದಾರಿ ಹುಡುಕಿದ. ನೆತ್ತಿ ಸುಡುವ ಹೊತ್ತಿನಲ್ಲಿ, ಊರೆಲ್ಲ ಉಂಡು ಮಲಗಿದಾಗ, ದಂಟು ಅಲ್ಲಾಡಿಸಿ ಮಿಡತೆಗಳನ್ನು ಬುಟ್ಟಿಗೆ ಉದುರಿಸಿಕೊಂಡು ಬದುವಿನಾಚೆ ಲಿಂಗಣ್ಣನ ಹೊಲದಲ್ಲಿ ಮೆಲ್ಲಗೆ ಬಿಟ್ಟು ಬರುವುದು. ಯಾವ ಜೀವಕ್ಕೂ ನೋವಿಲ್ಲ, ಲಿಂಗಣ್ಣನೊಬ್ಬನನ್ನು ಬಿಟ್ಟು. ಹೀಗೆ ಎಷ್ಟೋ ಬುಟ್ಟಿ ಸಾಗಿಸಿದ. ಮಿಡತೆ ಮಾತ್ರ ಕಡಿಮೆಯಾಗಲಿಲ್ಲ. ಒಂದು ಮಧ್ಯಾಹ್ನ ಬುಟ್ಟಿ ಹೊತ್ತು ಬದು ಹತ್ತಿದರೆ ಆ ಕಡೆಯಿಂದ ಲಿಂಗಣ್ಣನೂ ತುಂಬಿದ ಬುಟ್ಟಿ ಹೊತ್ತು ಹತ್ತುತ್ತಿದ್ದಾನೆ. ಅವನೂ ಶಿವಭಕ್ತನೇ ತಾನೆ.

"ಏನೋ ಲಿಂಗಣ್ಣ, ಬುಟ್ಯಾಗ ಏನೈತಿ?"

"ನಿಮ್ಮವೇ ರೀ ಪಟೇಲ್ರೇ. ದಾರಿ ತಪ್ಪಿ ಬಂದಿದ್ದುವು, ಮನಿ ಮುಟ್ಟಸಾಕ ಹೊಂಟೀನಿ."

ಇಬ್ಬರೂ ಬುಟ್ಟಿ ಕೆಳಗಿಟ್ಟು ಎಲೆಯಡಿಕೆ ಹಾಕಿಕೊಂಡು ಕೂತರು. ಅಷ್ಟರಲ್ಲಿ ಎರಡೂ ಬುಟ್ಟಿಯ ಮಿಡತೆಗಳು ಇಳಿದು ತಮತಮಗೆ ಸೇರಿದ ಹೊಲಕ್ಕೆ ನಡೆದುಕೊಂಡು ಹೋದವು.

ಕಳೆ ತೆಗೆಯಲು ಬಂದಿದ್ದ ಮೊಗುಲಮ್ಮ ಇದನ್ನೆಲ್ಲ ನೋಡಿದಳು. ಅವಳು ಹೊಲಕ್ಕೆ ಬರುವಾಗ ಕೋಳಿಗಳನ್ನು ದೊಡ್ಡ ಬುಟ್ಟಿಯಲ್ಲಿ ಹೊತ್ತು ತಂದು ಬದುವಿನ ಮೇಲೆ ಮೇಯಲು ಬಿಡುತ್ತಿದ್ದಳು. ಅವತ್ತು ಬುಟ್ಟಿಯನ್ನು ನಮ್ಮ ಹೊಲದ ಅಂಚಿಗೆ ತಂದು ಬೋರಲು ಹಾಕಿದಳು. ಸುಬೇದಾರ ಎದೆ ಮುಂದೆ ಮಾಡಿ ಜೋಳದೊಳಗೆ ನುಗ್ಗಿದ, ಉಳಿದವು ಹಿಂದೆ. ಅಜ್ಜ "ಹೋಯ್" ಎನ್ನಲು ಬಾಯಿ ತೆರೆದವನು, ಸುಬೇದಾರ ಒಂದು ದಂಟಿನ ಬುಡ ಸಾಫು ಮಾಡಿದ್ದನ್ನು ಕಂಡು ಬಾಯಿ ಮುಚ್ಚಿಕೊಂಡ. ಬೇವಿನ ಮರದ ಕೆಳಗೆ ಹೋಗಿ ಹೊಲಕ್ಕೆ ಬೆನ್ನು ಮಾಡಿ ಕೂತ.

"ನಾನೇನೂ ನೋಡಿಲ್ಲ," ಎಂದು ಬೇವಿನ ಮರಕ್ಕೆ ಹೇಳಿದ.

"ನೋಡಬ್ಯಾಡ್ರಿ ಪಟೇಲ್ರೇ," ಎಂದಳು ಮೊಗುಲಮ್ಮ. "ಅವು ತಮ್ಮ ಹಸಿವಿಗೆ ತಾವು ಬಂದಾವು. ನಿಮಗೇನು, ನನಗೇನು."

ಮರುದಿನವೂ ಹಾಗೆಯೇ. ಅದರ ಮರುದಿನವೂ. ಮೊಗುಲಮ್ಮ ದಂಟಿಗೆ ಕೋಲಿನಿಂದ ತಟ್ಟಿದರೆ ಮಿಡತೆಗಳು ದಪದಪ ಉದುರುವವು, ಕೋಳಿಗಳಿಗೆ ಹಬ್ಬ. ಮಣ್ಣಿನ ಹೆಂಟೆಯಂತೆ ಕೂತಿರುವ ಮಣ್ಣುಮಿಡತೆಯನ್ನು ಸುಬೇದಾರ ತುಳಿದರೂ ಅವನಿಗೆ ಕಾಣುತ್ತಿರಲಿಲ್ಲ. ಕುದುರೆಯಂತೆ ಉದ್ದ ಮೋರೆಯ ಹುಲ್ಲುಮಿಡತೆ ಗರಿಗೆ ಮೈಯೊತ್ತಿ ತಾನೂ ಹುಲ್ಲೇ ಆಗಿಬಿಡುತ್ತಿತ್ತು. ಎಂಕಮ್ಮ ಅವೆರಡನ್ನೂ ಹುಡುಕಿ ತಿನ್ನುತ್ತಿದ್ದಳು, ಅತ್ತೆಯ ಹೆಸರು ಸುಮ್ಮನೆ ಇಟ್ಟಿದ್ದಲ್ಲ. ಅಜ್ಜ ಬೆನ್ನು ಮಾಡಿಯೇ ಕೂತಿರುತ್ತಿದ್ದ. ಆದರೆ ಅವನ ಕಿವಿ ಹೊಟ್ಟೆಯಲ್ಲಿರಲಿಲ್ಲವಲ್ಲ, ತಲೆಯ ಎರಡೂ ಕಡೆ ಇತ್ತು. ಕೆಲವು ದಿನ ಕಳೆದ ಮೇಲೆ ಬೇವಿನ ಮರವನ್ನೇ ನೋಡುತ್ತ ಕೇಳಿದ:

"ಇವತ್ತು ಎಂಕಮ್ಮನ ದನಿ ಇಲ್ಲಲ್ಲ?"

"ಕಾವಿಗೆ ಕುಂತಾಳ್ರೀ."

"ಹಾಂ," ಎಂದ ಅಜ್ಜ. ಮರದ ತೊಗಟೆ ಕೆರೆಯುತ್ತ, "ಆರಾಮ ಇರಲಿ," ಎಂದ.

ಜೋಳ ತೆನೆ ಹಿಡಿಯಿತು. ಲಿಂಗಣ್ಣನ ಹೊಲ ಅರ್ಧ ಬೋಳಾಗಿದ್ದರೆ ನಮ್ಮದು ಹಸಿರಾಗಿ ತೂಗುತ್ತಿತ್ತು. ಅಜ್ಜ ಊರವರಿಗೆ ಅದು ವಿಭೂತಿಯ ಮಹಿಮೆ ಎಂದು ಹೇಳಿದ. ಮೊಗುಲಮ್ಮ ಬಾಯಿ ಬಿಡಲಿಲ್ಲ. ಒಂದು ದಿನ ಮಾತ್ರ ಬೇವಿನ ಮರದ ಹತ್ತಿರ ಬಂದು ನಿಂತಳು.

"ಪಟೇಲ್ರೇ, ನಾ ಏನೂ ಕೇಳಂಗಿಲ್ಲ. ಗಿರ್ದಾವರ ಬಂದಾಗ ನನ್ನ ಹುಂಜದ ಸಲುವಾಗಿ ಒಂದು ಮಾತು ಹೇಳ್ರಿ. ನಿಮ್ಮ ಮಾತು ನಡೀತೈತಿ."

ಅಜ್ಜ ಮರದ ಕಡೆ ಮುಖ ತಿರುಗಿಸಿದ. "ಆ ಜಾತಿ ಪ್ರಾಣಿ ಹೆಸರು ನಮ್ಮ ಬಾಯಾಗ ಬರಬಾರದು ಮೊಗುಲಮ್ಮಾ. ಊರು ಏನಂತೈತಿ? ಮನ್ಯಾಗ ಆಕಿ ಏನಂತಾಳ?" ಎಂದ. ನನ್ನ ಅಜ್ಜನಾದರೂ ಹೇಳುತ್ತೇನೆ, ಅದು ಶುದ್ಧ ಪುಕ್ಕಲುತನ. ಮೊಗುಲಮ್ಮ ತೆಲುಗಿನಲ್ಲಿ ಏನೋ ಅಂದು ಬುಟ್ಟಿ ಎತ್ತಿಕೊಂಡು ಹೋದಳು.

ದಸರೆಗೆ ಮುಂಚೆ ತಳವಾರ ತಾಯಣ್ಣ ಡಂಗುರ ಸಾರಿದ. ಗಿರ್ದಾವರ ಸಾಹೇಬರು ಬರುತ್ತಾರೆ, ಮಿಡತೆ ಕೊಲ್ಲಲು ಯಾರು ಯಾರು ಏನೇನು ಮಾಡಿದ್ದೀರೋ ಚಾವಡಿಗೆ ಬಂದು ತೋರಿಸಬೇಕು. ಡಂಗುರ ಕೇಳಿ ಎಲ್ಲರೂ ತಲೆ ಕೆರೆದುಕೊಂಡರೆ ಮೊಗುಲಮ್ಮ ಮಾತ್ರ ಕುಣಿದಳು. ಮಿಡತೆ ಕೊಲ್ಲುವುದು ಸರ್ಕಾರದ ಕೆಲಸ. ಆ ಕೆಲಸ ಮಾಡುವವರು ಸರ್ಕಾರದ ನೌಕರರು. ಸರ್ಕಾರದ ನೌಕರನನ್ನು ಕೊಯ್ದು ಸಾರು ಮಾಡಲಿಕ್ಕೆ ಬರುತ್ತದೆಯೇ? ಚಪರಾಸಿಗಳು ಎದೆಗೆ ಪಟ್ಟಿ ಹಾಕಿಕೊಳ್ಳುವ ಹಾಗೆ ತನ್ನ ಪ್ರತಿಯೊಂದು ಕೋಳಿಯ ಕಾಲಿಗೂ ಹಳದಿ ಬಟ್ಟೆಯ ಪಟ್ಟಿ ಕಟ್ಟಿದಳು. ಸುಬೇದಾರನಿಗೆ ಕೊರಳಿಗೂ ಒಂದು.

ಸಾಹೇಬನ ಮುಂದೆ ಕೋಳಿಗಳು ಮಿಡತೆ ತಿಂದು ತೋರಿಸಬೇಕಲ್ಲ. ಮಿಡತೆ ಹಿಡಿದು ತರುವ ಕೆಲಸವನ್ನು ಗಂಡ ಮೊಗುಲಪ್ಪನಿಗೆ ವಹಿಸಿದಳು. ಅಲ್ಲಿ ಕೆಟ್ಟಿತು. ಮೊಗುಲಪ್ಪ ನಾರಾಯಣಪೇಟೆಯಲ್ಲಿ ಸೀರೆ ನೇಯುವವರ ಬಳಿ ನೂಲಿಗೆ ಬಣ್ಣ ಹಾಕುವವನು. ಹಬ್ಬಕ್ಕೆ ಊರಿಗೆ ಬಂದರೆ ಮೊಣಕೈ ತನಕ ಒಂದು ಸಲ ಕೆಂಪು, ಒಂದು ಸಲ ಹಸಿರು. ಬಣ್ಣವಿಲ್ಲದ್ದನ್ನು ಅವನ ಕಣ್ಣು ಒಪ್ಪುತ್ತಿರಲಿಲ್ಲ. ಜೋಳದ ಮಿಡತೆಗಳನ್ನು ನೋಡಿದ. ಮಾಸಿದ ಹಸಿರು.

"ದೊಡ್ಡ ಮನಷ್ಯಾರ ಮುಂದ ಇಂಥಾವು ಇಡತಾರೇನು? ತೊಳೆದು ತೊಳೆದು ಬಣ್ಣ ಬಿಟ್ಟಂಗದಾವು," ಎಂದು ಚೆಲ್ಲಿದ. ಊರ ಹೊರಗೆ ಎಕ್ಕೆ ಗಿಡಗಳ ಸಾಲಿತ್ತು. ಅಲ್ಲಿ ಬೆರಳುದ್ದದ ಮಿಡತೆಗಳು ಓಡುವ ಗೋಜಿಲ್ಲದೆ ಕೂತಿದ್ದವು. ಅರಿಶಿನದ ಮೈ, ಅದರ ಮೇಲೆ ನೀಲಿ ಪಟ್ಟಿ, ರೆಕ್ಕೆ ಬಿಚ್ಚಿದರೆ ಒಳಗೆ ಕೆಂಪು. ಮೊಗುಲಪ್ಪ ಅವುಗಳ ಮುಂದೆ ಕೈಮುಗಿದು ಕೂತನಂತೆ. ಬುಟ್ಟಿ ತುಂಬ ಹಿಡಿದು ತಂದು ಮೇಲೆ ಬಟ್ಟೆ ಮುಚ್ಚಿದ. ಹೆಂಡತಿಗೆ ತೋರಿಸಲಿಲ್ಲ, ಅವಳಿಗೂ ಸಂತೋಷವಾಗಲಿ ಎಂದು.

ಚಾವಡಿಯ ಮುಂದೆ ಊರೇ ನೆರೆಯಿತು. ಸಾಹೇಬ ಕುರ್ಚಿಯಲ್ಲಿ ಕೂತಿದ್ದ. ಅವನ ಅಡುಗೆಯವನು ಮೂಲೆಯಲ್ಲಿ ಆಗಲೇ ಈರುಳ್ಳಿ ಹೆಚ್ಚಿ ಮಸಾಲೆ ಅರೆದಿಟ್ಟಿದ್ದ. ಮೊಗುಲಮ್ಮ ಪಟ್ಟಿ ಕಟ್ಟಿದ ಕೋಳಿಗಳನ್ನು ಸಾಲಾಗಿ ನಡೆಸಿಕೊಂಡು ಬಂದಳು.

"ಸಾಹೇಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಇವು ಬರೇ ಕೋಳಿ ಅಲ್ರೀ. ಮಿಡಚಿ ಕೊಲ್ಲಾಕ ಸರ್ಕಾರದ ಚಾಕರಿ ಮಾಡಾಕತ್ತಾವು. ಚಾಕರಿ ಮಾಡೋರನ್ನ ಕೊಯ್ಯಬಾರದು."

ಸಾಹೇಬ ಗಡ್ಡ ಸವರಿಕೊಂಡು ನಕ್ಕ. "ಅರೇ ವಾಹ್! ಚಾಕರಿ ಮಾಡಿ ತೋರಿಸಲಿ. ಮಾಡಿದ್ರೆ ಬಿಡ್ತೀನಿ."

ಮೊಗುಲಪ್ಪ ಹೆಮ್ಮೆಯಿಂದ ಬಟ್ಟೆ ತೆಗೆದ. ಬಿಸಿಲಿಗೆ ಹಳದಿ, ನೀಲಿ ಝಗ್ಗೆಂದವು. ಜನ "ಆಹಾ" ಎಂದರು. ಮೊಗುಲಮ್ಮ ಹಣೆ ಚಚ್ಚಿಕೊಂಡಳು. ಎಕ್ಕೆಯ ವಿಷದ ಹಾಲು ಕುಡಿದು ಬೆಳೆದ ಮಿಡತೆಯನ್ನು ಕೋಳಿ ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು, ಕೋಳಿಗೆ ಗೊತ್ತು, ಮೊಗುಲಪ್ಪನೊಬ್ಬನಿಗೆ ಗೊತ್ತಿಲ್ಲ. ಎಂಕಮ್ಮ ತಲೆ ಓರೆ ಮಾಡಿ ಒಂದು ಕಣ್ಣಿನಿಂದ ನೋಡಿ ಹಿಂದೆ ಸರಿದಳು. ಉಳಿದವೂ ಸರಿದವು. ಸುಬೇದಾರ ಮಾತ್ರ, ಇಷ್ಟು ಜನ ನೋಡುತ್ತಿರುವಾಗ ಸುಮ್ಮನಿರುವುದು ಹೇಗೆಂದು, ಒಂದನ್ನು ಕುಕ್ಕಿದ. ಅದು ಚಿರ್ರೆಂದು ಅವನ ಮೋರೆಗೆ ಕಹಿ ರಸ ಹಾರಿಸಿತು. ಸುಬೇದಾರ ತಲೆ ಕೊಡವಿ, ಕೊಡವಿ, ಕೊನೆಗೆ ಕೊಕ್ಕನ್ನು ಸಾಹೇಬನ ಹೊಸ ಬೂಟಿಗೆ ಒರೆಸಿದ.

ಊರು ಬಿದ್ದು ಬಿದ್ದು ನಕ್ಕಿತು. ಸಾಹೇಬ ನಗಲಿಲ್ಲ, ಬೂಟು ಹೊಸದು.

"ಹುಕುಂ ಪಾಲಿಸಲಿಲ್ಲ. ನೌಕರಿಯಿಂದ ಬರ್ತರಫ್! ಚಾವಡಿಯಿಂದ ಪಾತೇಲಿಗೆ ತಬಾದಲಾ!" ಎಂದ. ಕೆಲಸದಿಂದ ತೆಗೆದು ಅಡುಗೆ ಪಾತ್ರೆಗೆ ವರ್ಗ ಮಾಡಿದ್ದಾರೆಂದು ತಾಯಣ್ಣ ಹಿಂದಿನವರಿಗೆಲ್ಲ ಕೂಗಿ ತಿಳಿಸಿದ.

ಅಡುಗೆಯವನು ಸುಬೇದಾರನ ಎರಡೂ ಕಾಲು ಹಿಡಿದು ಎತ್ತಿದ. ಮೊಗುಲಮ್ಮನಿಗೆ ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ. ಸಾಹೇಬನ ಪಕ್ಕದಲ್ಲಿ ನಿಂತಿದ್ದ ಅಜ್ಜನನ್ನು ನೋಡಿದಳು. ಅಜ್ಜ ತಿರುಗಿ ಚಾವಡಿಯ ಗೋಡೆ ನೋಡುತ್ತ ನಿಂತ. ಬೆನ್ನು ಮಾಡುವುದು ಅವನಿಗೆ ರೂಢಿಯಾಗಿತ್ತು. ಆದರೆ ಬೆನ್ನ ಹಿಂದೆ ಹುಂಜ ಕೂಗಿಕೊಂಡಿತು. ಅಂಥ ಕೂಗನ್ನು ಅವನು ಹೊಲದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಏಯ್! ಸುಬೇದಾರನ್ನ ಬಿಡ್ರೀ!" ಎಂದು ಅಜ್ಜ ಕಿರುಚಿದ.

ನಿಜವಾದ ಸುಬೇದಾರ ಸಾಹೇಬರೇ ಬಂದರೆಂದು ತಿಳಿದು ಗಿರ್ದಾವರ ಧಡಕ್ಕನೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಊರ ದಾರಿಗೆ ಸಲಾಮು ಹೊಡೆದ. ದಾರಿಯಲ್ಲಿ ಯಾರೂ ಇರಲಿಲ್ಲ. ಆಗ ಸಾವಕಾಶವಾಗಿ ಎಲ್ಲರಿಗೂ ಹೊಳೆಯಿತು: ಕೋಳಿ ಎಂಬ ಶಬ್ದ ಆಡದ ಪಟೇಲನಿಗೆ ಮೊಗುಲಮ್ಮನ ಹುಂಜದ ಹೆಸರು ಗೊತ್ತಿದೆ. ಹೆಂಗಸರ ನಡುವೆ ನಿಂತಿದ್ದ ಅಜ್ಜಿ ಮಹಾಂತಮ್ಮ ಸೆರಗು ಸರಿಸಿ ಗಂಡನನ್ನು ದಿಟ್ಟಿಸಿದಳು.

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಅಜ್ಜ ಮುಂದೆ ಬಂದು ಅಡುಗೆಯವನ ಕೈಯಿಂದ ಹುಂಜವನ್ನು ಕಿತ್ತುಕೊಂಡು ಎದೆಗೆ ಅವಚಿಕೊಂಡ. ಹುಂಜ ಹಿಡಿದು ರೂಢಿ ಇಲ್ಲ, ತಲೆ ಕೆಳಗಾಗಿ ಹಿಡಿದಿದ್ದ.

"ಸಾಹೇಬ್ರೇ, ಇದು ಕೋಳಿ," ಎಂದ. ಆ ಶಬ್ದ ಅವನ ಬಾಯಿಂದ ಊರು ಕೇಳಿದ್ದು ಅದೇ ಮೊದಲು. "ಈ ಕೋಳಿ ನನ್ನ ಹೊಲದಾಗ ಮಳಿಗಾಲ ಪೂರ್ತಿ ದುಡದೈತಿ. ಆ ಬುಟ್ಯಾಗ ಇರೋವು ಎಕ್ಕಿ ಮಿಡಚಿ, ಅವನ್ನ ನಾಯೀನೂ ಮೂಸಂಗಿಲ್ಲ. ನನ್ನ ಜೋಳ ನೋಡ್ರಿ, ಲಿಂಗಣ್ಣನ ಜೋಳ ನೋಡ್ರಿ. ಅದು ವಿಭೂತಿ ಮಹಿಮಾ ಅಲ್ಲ. ಇದರದು."

ಆಗ ಸುಬೇದಾರ ಅವನ ಬಿಳಿ ಧೋತರದ ಮೇಲೆ ತನ್ನ ಮೊಹರು ಒತ್ತಿದ. ಅಜ್ಜ ಅಲುಗಲಿಲ್ಲ.

ಸಾಹೇಬ ಇನ್ನೂ ಈರುಳ್ಳಿಯ ಕಡೆ ನೋಡುತ್ತಿದ್ದ. ಲಿಂಗಣ್ಣ ಯಾರಿಗೂ ಹೇಳದವನಂತೆ ಎಲ್ಲರಿಗೂ ಕೇಳುವಂತೆ ಹೇಳಿದ: "ತಿನ್ನಲಿ ಬಿಡ್ರಿ. ಆದ್ರ ಗಿರ್ದಾವರ ಸಾಹೇಬ್ರು ಸುಬೇದಾರನ್ನ ಕೊಯ್ಸಿ ಉಂಡ್ರು ಅಂತ ಸುದ್ದಿ ಹೋದ್ರ, ಮ್ಯಾಲಿನವ್ರಿಗೆ ಹ್ಯಾಂಗ ಕೇಳಸತೈತೋ ಏನೋ."

ಸಾಹೇಬ ನೌಕರಿಯಲ್ಲಿ ಹಣ್ಣಾದವನು. ಕೋಟಿನ ಗುಂಡಿ ಬಿಚ್ಚಿ, ಇವತ್ತು ಯಾಕೋ ತನಗೆ ಕೋಳಿ ಸೇರುವುದಿಲ್ಲ ಎಂದ.

"ನಮ್ಮ ಮನಿಗೆ ಊಟಕ್ಕ ಬರ್ರಿ," ಎಂದು ಮಹಾಂತಮ್ಮನೇ ಹೆಂಗಸರ ನಡುವಿನಿಂದ ಹೇಳಿದಳು. ಅರೆದ ಮಸಾಲೆ ಹಾಳಾಗಬಾರದೆಂದು ಬದನೆಕಾಯಿಗೆ ತುಂಬಿ, ಜೋಳದ ರೊಟ್ಟಿ ತಟ್ಟಿ, ಗಿರ್ದಾವರನಿಗೆ ಹೊಟ್ಟೆ ಬಿರಿಯೆ ಬಡಿಸಿದಳು. ಗಂಡ ಹೊಸ್ತಿಲಿಗೆ ಬಂದಾಗ ಮಾತ್ರ, "ಕೋಳಿ ಹಿಡಿದೋರು ಅಂಗಳದಾಗ ಕುಂದ್ರಲಿ," ಎಂದು ತಾಟನ್ನು ಹೊರಗೆ ಸರಿಸಿದಳು. ಅಜ್ಜ ಅಂಗಳದಲ್ಲಿ ಉಂಡ. ಅವನ ರೊಟ್ಟಿಯ ಚೂರುಗಳನ್ನು ಸುಬೇದಾರ ಉಂಡ.

ಸುಬೇದಾರ ಕತ್ತಿಯ ಕಡೆ ಮತ್ತೆ ಹೋಗಲಿಲ್ಲ. ಹಲವು ಮಳೆಗಾಲ ನಮ್ಮ ಹೊಲದಲ್ಲೂ ಲಿಂಗಣ್ಣನ ಹೊಲದಲ್ಲೂ ಮೇಯ್ದು, ಮುದುಕನಾಗಿ, ಮಿಡತೆ ಎದುರಿಗೆ ನಡೆದುಹೋದರೂ ನೋಡುತ್ತ ನಿಂತು, ಒಂದು ಬೆಳಿಗ್ಗೆ ಕೂಗಲಿಲ್ಲ. ಮೊಗುಲಮ್ಮ ಬಂದು ಅಜ್ಜನಿಗೆ ಹೇಳಿದಳು. ಅಜ್ಜ ಅವಳಿಗೆ ಬೆನ್ನು ಮಾಡಿ ಕೂತ. ಈ ಸಲ ಅವನ ಭುಜ ಅಲುಗುತ್ತಿತ್ತು.

"ಒಂದು ಮರಿ ಹುಂಜ ಐತ್ರೀ," ಎಂದಳು ಮೊಗುಲಮ್ಮ ಮೆಲ್ಲಗೆ. "ಯಾವ ಸಾಹೇಬನೂ ಕೈ ಹಚ್ಚಬಾರದು, ಅಂಥ ಹೆಸರು ಇಡಬೇಕಂತೀನಿ. ನಿಮ್ಮ ಹೆಸರೇ ಇಡಲೇನ್ರೀ?"

ಬೆನ್ನು ಧೋತರದ ಅಂಚಿನಿಂದ ಮೂಗು ಒರೆಸಿಕೊಂಡಿತು. ಆಮೇಲೆ, "ಇಡು. ಆದ್ರ ದಿನಾ ಹೊಲಕ್ಕ ಬರಬೇಕು ನೋಡು," ಎಂದಿತು.

ಅಲ್ಲಿಂದ ಮುಂದೆ ಎಷ್ಟು ದೌರೆ ಬಂದರೂ ಆ ಹುಂಜವನ್ನು ಯಾರೂ ಕೇಳಲಿಲ್ಲ. ಪಟೇಲ ವೀರಯ್ಯನನ್ನು ಕೊಯ್ದು ಕೊಡಿ ಎಂದು ಯಾವ ಬಾಯಿಂದ ಕೇಳಿಯಾರು? ಕಷ್ಟವಾದದ್ದು ನನ್ನ ಅಜ್ಜಿಗೆ. ಗಂಡನ ಹೆಸರನ್ನು ಅವಳು ಒಂದು ದಿನವೂ ನಾಲಿಗೆಗೆ ತಂದವಳಲ್ಲ, ಆ ಹೆಸರಿನದಕ್ಕೆ ಪೊರಕೆ ಎತ್ತುವುದು ಹೇಗೆ? ಹುಂಜ ಅಂಗಳಕ್ಕೆ ಬಂದರೆ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಸಾಕು, ಹೊರಗ ನಡೀರಿ" ಎನ್ನುತ್ತಿದ್ದಳು.

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಎದ್ದು ಹೊರಗೆ ಹೋಗುತ್ತಿದ್ದ. ಹುಂಜ ಅಲ್ಲೇ ಇರುತ್ತಿತ್ತು.